ಶಿರಸಿಯ ಕಾನೂನು ವಿಭಾಗಕ್ಕೆ ಯಾವ ಸಾಫ್ಟ್‌ವೇರ್? ಮೊದಲು ಗುಮಾಸ್ತರ ಡೈರಿ ತೆರೆಯಿರಿ

ಪ್ರಶ್ನೆ: ಶಿರಸಿಯ ಖಾಸಗಿ ಕಂಪನಿಯೊಂದರಲ್ಲಿ ಕಾನೂನು ವಿಭಾಗ ನೋಡಿಕೊಳ್ಳುತ್ತೇನೆ. ಅಡಿಕೆ, ಕಾಳುಮೆಣಸು ಖರೀದಿಸಿ ಉತ್ತರ ಭಾರತಕ್ಕೆ ಕಳಿಸುವ ವ್ಯಾಪಾರ ನಮ್ಮದು. ಸಿದ್ದಾಪುರ, ಯಲ್ಲಾಪುರ, ಕುಮಟಾದಲ್ಲಿ ಗೋದಾಮುಗಳಿವೆ. ವಿಭಾಗದಲ್ಲಿ ಇರುವುದು ನಾನು, ಒಬ್ಬ ಜೂನಿಯರ್, 18 ವರ್ಷದಿಂದ ಕೇಸ್ ಡೈರಿ ಬರೆಯುತ್ತಿರುವ ಒಬ್ಬರು ಗುಮಾಸ್ತರು. 180 ಕೇಸು ನಡೆಯುತ್ತಿವೆ, ಅದರಲ್ಲಿ 120 ಚೆಕ್ ಬೌನ್ಸ್. ಉಳಿದವು ಜಮೀನು, ಕಾರ್ಮಿಕ, ಗ್ರಾಹಕ ಪ್ರಕರಣಗಳು. ಕಪಾಟಿನಲ್ಲಿ 400 ಅಗ್ರಿಮೆಂಟ್ ಇವೆ. ಮೂರು ಕಂಪನಿಯವರು ಡೆಮೋ ಕೊಟ್ಟಿದ್ದಾರೆ. ಒಂದು ಎಲ್ಲವೂ ಇರುವ ದೊಡ್ಡ ವಿದೇಶಿ ಸಾಫ್ಟ್‌ವೇರ್, ಇನ್ನೊಂದು ಕೇಸು ನೋಡಿಕೊಳ್ಳುವಂಥದ್ದು, ಮತ್ತೊಂದು ಅಗ್ರಿಮೆಂಟಿಗೆ. ನಮ್ಮ ಎಂ.ಡಿ.ಗೆ ಮೊದಲನೆಯದೇ ಹಿಡಿಸಿದೆ. ಮಾರ್ಚ್ 31ರೊಳಗೆ ಸಹಿ ಹಾಕಿದರೆ ಡಿಸ್ಕೌಂಟ್ ಅಂತಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮೂರು ಸಾಫ್ಟ್‌ವೇರ್‌ಗಳಲ್ಲ, ಆ 18 ವರ್ಷದ ಗುಮಾಸ್ತರು. ಡೆಮೋದಲ್ಲಿ ಅವರು ಕೂತಿದ್ದರಾ? ಇಲ್ಲ ಅಂತ ನನ್ನ ಊಹೆ. ಸಾಮಾನ್ಯವಾಗಿ ಕೂರಿಸುವುದೇ ಇಲ್ಲ. ಎಂ.ಡಿ. ಇರುತ್ತಾರೆ, ಅಕೌಂಟ್ಸ್‌ನವರು ಇರುತ್ತಾರೆ, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಇರುತ್ತಾನೆ. ದಿನಾ ಸಂಜೆ ಐದೂವರೆಗೆ ಕೋರ್ಟಿನಿಂದ ಬಂದು ಮುಂದಿನ ವಾಯಿದೆ, ಅಂದರೆ ವಿಚಾರಣೆಯ ತಾರೀಖು, ಬರೆಯಬೇಕಾದವರು ಮಾತ್ರ ಹೊರಗೆ ಚಹಾ ಹೇಳಿ ಕಳಿಸುತ್ತಿರುತ್ತಾರೆ.

ನಾನೂ ಅದೇ ತಪ್ಪು ಮಾಡಿದವನು. ಬೆಂಗಳೂರಿನಲ್ಲಿ ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದಾಗ ಭರ್ಜರಿ ಸಾಫ್ಟ್‌ವೇರ್ ಒಂದನ್ನು ತಂದೆವು. ಬಣ್ಣ ಬಣ್ಣದ ಚಾರ್ಟು, ಬೇಕಾದ ರಿಪೋರ್ಟು. ಆದರೆ ಒಂದು ವಾಯಿದೆ ಸೇರಿಸಲು ಹನ್ನೊಂದು ಕಡೆ ತುಂಬಬೇಕಿತ್ತು, ಅದರಲ್ಲಿ ಏಳು ಕಡ್ಡಾಯ. ಗುಮಾಸ್ತರು ಎರಡು ತಿಂಗಳು ತುಂಬಿದರು. ಆಮೇಲೆ ಕಡ್ಡಾಯ ಇದ್ದಲ್ಲೆಲ್ಲ ಒಂದು ಚುಕ್ಕಿ ಇಟ್ಟು ಮುಂದೆ ಹೋಗತೊಡಗಿದರು. ನಿಜವಾದ ವಾಯಿದೆ ಅವರ ಹಳೆಯ ಕೆಂಪು ಡೈರಿಯಲ್ಲೇ ಇತ್ತು. ನಾವು ಮೀಟಿಂಗಿನಲ್ಲಿ ಚಾರ್ಟ್ ತೋರಿಸುತ್ತಿದ್ದೆವು, ಚಾರ್ಟಿನೊಳಗೆ ಚುಕ್ಕಿಗಳಿದ್ದವು. ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಹಾಗಾಗಿ ಮೊದಲು ಅವರ ಡೈರಿ ತೆರೆದು ಒಂದು ತಾಸು ಪಕ್ಕದಲ್ಲಿ ಕೂತುಕೊಳ್ಳಿ. ಏನು ಬರೆಯುತ್ತಾರೆ, ಏನಕ್ಕೆ ಕೆಂಪು ಪೆನ್ನು, ಅಂಚಿನಲ್ಲಿ ಯಾಕೆ ಗೀಟು ಎಳೆದಿದ್ದಾರೆ, ಎಲ್ಲ ಕೇಳಿ. ಆ ಗುರುತುಗಳೇ ನಿಮ್ಮ ಅಗತ್ಯಗಳ ಪಟ್ಟಿ. ಹೊರಗಿನವರಿಗೆ ದುಡ್ಡು ಕೊಟ್ಟು ಬರೆಸುವ ಪಟ್ಟಿಗಿಂತ ಇದು ಎಷ್ಟೋ ವಾಸಿ.

ಈಗ ನಿಮ್ಮ 120 ಚೆಕ್ ಕೇಸಿಗೆ ಬರೋಣ. ನಿಮ್ಮ ಕೆಲಸದ ಮೂರನೇ ಎರಡು ಭಾಗ ಇದೇ, ಸಾಫ್ಟ್‌ವೇರ್ ಪಾಸೋ ಫೇಲೋ ಅನ್ನುವುದೂ ಇಲ್ಲೇ ತೀರ್ಮಾನವಾಗುವುದು. ಚೆಕ್ ಬೌನ್ಸ್ ಕಾನೂನಿಗೆ 2015ರಲ್ಲಿ ಆದ ತಿದ್ದುಪಡಿಯ ನಂತರ, ಚೆಕ್ಕನ್ನು ಖಾತೆಗೆ ಹಾಕಿದರೆ, ಹಣ ಪಡೆಯಬೇಕಾದವರ ಖಾತೆ ಇರುವ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲಿ ಕೇಸು. ಚೆಕ್ ಕೊಟ್ಟವನು ಕಾನ್ಪುರದವನಿರಲಿ, ದಿಲ್ಲಿಯವನಿರಲಿ, ನಿಮ್ಮ ಖಾತೆ ಶಿರಸಿಯಲ್ಲಿದ್ದರೆ ಕೇಸು ಶಿರಸಿಯಲ್ಲೇ. ಅಂದರೆ 120 ಕೇಸು ಹೆಚ್ಚು ಕಡಿಮೆ ಒಂದೇ ಕೋರ್ಟಿನಲ್ಲಿ. ದೇಶದ ಎಲ್ಲ ಕೋರ್ಟುಗಳನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಸೌಲಭ್ಯಕ್ಕೆ ನೀವು ಯಾಕೆ ದುಡ್ಡು ಕೊಡಬೇಕು?

ನಿಮಗೆ ಬೇಕಾದದ್ದು ತಾರೀಖಿನ ಸರಪಳಿ. ಒಂದು ಉದಾಹರಣೆ ಹಾಕಿ ನೋಡೋಣ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದದ್ದು 2025ರ ಜೂನ್ 4. ಅಲ್ಲಿಂದ 30 ದಿನದೊಳಗೆ, ಅಂದರೆ ಜುಲೈ 4ರೊಳಗೆ, ನೋಟಿಸ್ ಹೋಗಬೇಕು. ನೀವು ಜೂನ್ 20ಕ್ಕೆ ಕಳಿಸಿದಿರಿ, ಅವರಿಗೆ ಮುಟ್ಟಿದ್ದು ಜೂನ್ 25. ಹಣ ಕೊಡಲು ಅವರಿಗೆ 15 ದಿನ, ಜುಲೈ 10ರ ತನಕ. ಕೊಡಲಿಲ್ಲ. ಜುಲೈ 11ಕ್ಕೆ ಕೇಸು ಹಾಕುವ ಹಕ್ಕು ಹುಟ್ಟಿತು. ಅಲ್ಲಿಂದ ಒಂದು ತಿಂಗಳು, ಆಗಸ್ಟ್ 11ರೊಳಗೆ ದೂರು ಕೋರ್ಟಿನಲ್ಲಿರಬೇಕು. ತಡವಾದರೆ ಕ್ಷಮಿಸಿ ಅಂತ ಕಾರಣ ಕೊಟ್ಟು ಅರ್ಜಿ ಹಾಕಬಹುದು, ಆದರೆ ಯಾರದೋ ಮರೆವಿಗೆ ಕೋರ್ಟಿನ ಮುಂದೆ ಕೈಕಟ್ಟಿ ನಿಲ್ಲುವುದು ಯಾರಿಗೆ ಬೇಕು?

ಇಲ್ಲಿ ಇಡೀ ಲೆಕ್ಕ ನಿಂತಿರುವುದು ಜೂನ್ 25ರ ಮೇಲೆ, ಅಂದರೆ ನೋಟಿಸ್ ಮುಟ್ಟಿದ ದಿನದ ಮೇಲೆ. ಡೆಮೋದವರಿಗೆ ಹೇಳಿ: ಮುಟ್ಟಿದ ದಿನವನ್ನು ಜೂನ್ 25ರಿಂದ 28ಕ್ಕೆ ಬದಲಾಯಿಸಿ ಅಂತ. ಕೊನೆಯ ತಾರೀಖು ತಾನಾಗಿ ಆಗಸ್ಟ್ 14ಕ್ಕೆ ಸರಿಯಬೇಕು. ಸರಿಯದಿದ್ದರೆ ಅದು ಸುಮ್ನೆ ದುಬಾರಿ ಕ್ಯಾಲೆಂಡರ್. ಆಮೇಲೆ ಇನ್ನೊಂದು ಕೇಳಿ: ನೋಟಿಸ್ 'ಮನೆ ಬೀಗ ಹಾಕಿದೆ' ಅಂತ ವಾಪಸ್ ಬಂದರೆ ಎಲ್ಲಿ ಬರೆಯುವುದು? ನಮ್ಮ ಕೇಸುಗಳಲ್ಲಿ ಅರ್ಧಕ್ಕರ್ಧ ಹೀಗೇ ಅಲ್ವಾ? ಅದಕ್ಕೊಂದು ಜಾಗವೇ ಇಲ್ಲದ ಸಾಫ್ಟ್‌ವೇರನ್ನು ಮಾಡಿದವರು ಚೆಕ್ ಕೇಸನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ.

ಒಂದು ಕಿವಿಮಾತು. ಕಾನೂನಿನ ಕೊನೆಯ ದಿನ ಆಗಸ್ಟ್ 11 ಇದ್ದರೂ ನಿಮ್ಮ ಪರದೆಯಲ್ಲಿ ಕೆಂಪಾಗುವುದು ಆಗಸ್ಟ್ 1ಕ್ಕೇ ಇರಲಿ. ನಮ್ಮ ಕಡೆ ಜುಲೈ-ಆಗಸ್ಟ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಕೊನೆಯ ದಿನ ಫೈಲು ಹಿಡಿದು ಘಟ್ಟ ಇಳಿಯುತ್ತೇನೆ ಅನ್ನುವ ಧೈರ್ಯ ಮಳೆಗಾಲದಲ್ಲಿ ಬೇಡ.

ವಾಯಿದೆ ತಾನಾಗಿ ಬರುತ್ತದೆ ಅಂತ ಮೂವರೂ ಹೇಳಿರುತ್ತಾರೆ. ನಿಜವೇ. ಆದರೆ ಹೆಚ್ಚಿನವರು ಅದನ್ನು ತರುವುದು ಸರ್ಕಾರದ ಇ-ಕೋರ್ಟ್ಸ್ ವ್ಯವಸ್ಥೆಯಿಂದಲೇ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿ ಕೇಸನ್ನು ಉಳಿಸಿಕೊಂಡರೆ ಮುಂದಿನ ವಾಯಿದೆ, ಆದೇಶ ಎಲ್ಲ ನೋಡಬಹುದು, ಅದೂ ಪುಕ್ಕಟೆ. ನಿಮ್ಮ 120 ಕೇಸಿನ ಸಿಎನ್‌ಆರ್ ಇನ್ನೂ ಒಂದು ಕಡೆ ಬರೆದಿಟ್ಟಿಲ್ಲ ಅಂತಾದರೆ ಈ ವಾರ ಜೂನಿಯರ್‌ಗೆ ಅದೇ ಕೆಲಸ ಕೊಡಿ. ಯಾವ ಸಾಫ್ಟ್‌ವೇರ್ ತಂದರೂ ಮೊದಲು ಕೇಳುವುದು ಅದನ್ನೇ.

ಇ-ಕೋರ್ಟ್ಸ್‌ನಲ್ಲಿ ಬಾರದ್ದು ಯಾವುದು ಅಂತಲೂ ನೋಡಿ. ನಿಮ್ಮ ಜಮೀನಿನ ಪ್ರಕರಣಗಳು ತಹಶೀಲ್ದಾರರ ಹತ್ತಿರವೋ ಶಿರಸಿ, ಕುಮಟಾದ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲೋ ಇದ್ದರೆ ಅವು ಅಲ್ಲಿ ಸಿಗುವುದಿಲ್ಲ. ಕಂದಾಯ ಇಲಾಖೆಯದ್ದು ಬೇರೆಯೇ ವ್ಯವಸ್ಥೆ. ಗ್ರಾಹಕ ಆಯೋಗದ್ದು ಇ-ಜಾಗೃತಿ ಅಂತ ಮತ್ತೊಂದು.  'ಎಲ್ಲ ಕೋರ್ಟೂ ಬರುತ್ತದೆ ಸರ್' ಅಂದರೆ, ನಿಮ್ಮದೇ ಒಂದು ಎಸಿ ಕೋರ್ಟ್ ಫೈಲಿನ ನಂಬರ್ ಕೊಟ್ಟು 'ಈಗಲೇ ತೋರಿಸಿ' ಅನ್ನಿ. ಸದ್ಯ ಬರುವುದಿಲ್ಲ ಅಂತ ನೇರವಾಗಿ ಒಪ್ಪಿಕೊಂಡವರಿಗೆ ನಾನು ಒಂದು ಮಾರ್ಕು ಜಾಸ್ತಿ ಕೊಡುತ್ತೇನೆ. ಅಂಥ ಕೇಸುಗಳ ವಾಯಿದೆಯನ್ನು ಕೈಯಲ್ಲೇ ಸೇರಿಸಬೇಕು. ಎಷ್ಟು ಸಲೀಸಾಗಿ ಸೇರಿಸಬಹುದು ಅನ್ನುವುದೇ ಅಲ್ಲಿ ಪರೀಕ್ಷೆ.

ಕನ್ನಡದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಡೆಮೋದಲ್ಲಿ ಕನ್ನಡ ಕಾಣುತ್ತದೆ, ಆದರೆ ಹುಡುಕಿದರೆ ಸಿಗುತ್ತದಾ? ನಿಮ್ಮ ಕಂಪ್ಯೂಟರಿನ ಹಳೆಯ ಅಗ್ರಿಮೆಂಟುಗಳು ಬಹುಶಃ 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆ ಫಾಂಟ್ ಹಾಕಿ ಟೈಪ್ ಮಾಡಿದವು. ನಮ್ಮ ಕಣ್ಣಿಗೆ ಅದು 'ಗೋದಾಮು'. ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನೀವು ಯೂನಿಕೋಡ್‌ನಲ್ಲಿ, ಅಂದರೆ ಈಗ ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲಿ ನಡೆಯುವ ಅಕ್ಷರ ಪದ್ಧತಿಯಲ್ಲಿ, 'ಗೋದಾಮು' ಅಂತ ಹುಡುಕಿದರೆ 'ಏನೂ ಸಿಗಲಿಲ್ಲ' ಅನ್ನುತ್ತದೆ. ಸಾಫ್ಟ್‌ವೇರ್ ಕೆಟ್ಟದ್ದಲ್ಲ, ಫೈಲುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಆ ಕೆಲಸ ಯಾರು ಮಾಡುತ್ತಾರೆ, ಅದಕ್ಕೆ ಬೇರೆ ದುಡ್ಡಾ ಅಂತ ಈಗಲೇ ಕೇಳಿ. ಪರಿವರ್ತಿಸಿದ ಮೇಲೂ ಒಬ್ಬರು ಕೂತು ಓದಲೇಬೇಕು. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಎಡವಟ್ಟಾಗುವುದು ಇದ್ದದ್ದೇ.

ಸ್ಕ್ಯಾನ್ ಮಾಡಿದ ಕಾಗದದ ಕಥೆ ಇನ್ನೂ ಬೇರೆ. ನೇರಳೆ ಸೀಲು ಒತ್ತಿದ ಹಳೆ ಪಹಣಿ, ಕೈಬರಹದ ಮ್ಯುಟೇಶನ್ (ಖಾತೆ ಬದಲಾವಣೆ), ಮಳೆಗೆ ನೆನೆದು ಮಡಿಕೆ ಬಿದ್ದ ಕರಾರು ಪತ್ರ, ಇವನ್ನು ಕೊಟ್ಟು ಓದಿಸಿ ನೋಡಿ. ಅಚ್ಚಾದ ಇಂಗ್ಲಿಷ್ ಅಗ್ರಿಮೆಂಟಿನಲ್ಲಿ ಎಲ್ಲರೂ ಫಸ್ಟ್ ಕ್ಲಾಸೇ.

ಹೆಸರಿನ ತೊಂದರೆಯೂ ಇದೆ. ನಮ್ಮ ಜಿಲ್ಲೆಯಲ್ಲಿ ಗಣಪತಿ ಹೆಗಡೆ ಅಂತ ಹುಡುಕಿದರೆ ಏನಾಗುತ್ತದೆ ಅಂತ ಯೋಚಿಸಿ! ಹೆಗಡೆ, ಹೆಗ್ಡೆ, ಇಂಗ್ಲಿಷಿನಲ್ಲಿ ಎರಡು ಬಗೆಯ ಸ್ಪೆಲಿಂಗ್, ಇನಿಶಿಯಲ್ ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ. ಅದಕ್ಕೇ ನಿಮ್ಮ ಗುಮಾಸ್ತರು ಡೈರಿಯಲ್ಲಿ ಊರಿನ ಹೆಸರು, ತಂದೆಯ ಹೆಸರು ಸೇರಿಸಿ ಬರೆದಿರುತ್ತಾರೆ, ನೋಡಿ. ಊರು, ತಂದೆಯ ಹೆಸರು, ಸರ್ವೆ ನಂಬರು, ಈ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿಕೊಡುತ್ತಾರಾ, ಅದರಲ್ಲಿ ಹುಡುಕಬಹುದಾ ಅಂತ ಕೇಳಿ. ಮಾಡಿಕೊಡುವುದು ಕಷ್ಟದ ಕೆಲಸವೇನಲ್ಲ. ಆದರೆ ಕೆಲವರು ಅದಕ್ಕೂ ಬೇರೆ ಬಿಲ್ ಹಾಕುತ್ತಾರೆ.

ಈಗ ಎಂ.ಡಿ.ಗೆ ಹಿಡಿಸಿದ ದೊಡ್ಡ ಸಾಫ್ಟ್‌ವೇರ್. ಅಂಥವುಗಳಲ್ಲಿ ದುಡ್ಡಿನ ಒಂದು ಪಾಲು ಹೋಗುವುದು ಹೊರಗಿನ ವಕೀಲರ ಬಿಲ್ ಪರಿಶೀಲಿಸುವ ಭಾಗಕ್ಕೆ. ಅಮೆರಿಕದಂಥ ಕಡೆ ದೊಡ್ಡ ಲಾ ಫರ್ಮುಗಳು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತವೆ. ಯಾವ ವಕೀಲ ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೂತ ಅಂತ ಸಾಲು ಸಾಲು ನೋಡಿ ಕಡಿತ ಮಾಡಲು ಅದು ಬೇಕು. ನಿಮ್ಮ ಶಿರಸಿ ವಕೀಲರು ಗಂಟೆ ಲೆಕ್ಕ ಹಾಕುತ್ತಾರಾ? ಕೇಸಿಗೆ ಇಷ್ಟು, ದಾಖಲು ಮಾಡುವಾಗ ಅರ್ಧ, ಸಾಕ್ಷಿ ಮುಗಿದ ಮೇಲೆ ಉಳಿದದ್ದು, ಟೈಪಿಂಗ್-ಜೆರಾಕ್ಸ್ ಖರ್ಚು ಬೇರೆ. ಇಷ್ಟಕ್ಕೆ ಒಂದು ಕಾಲಂ ಸಾಕು. ಎಂ.ಡಿ.ಯವರಿಗೆ ಇದನ್ನೇ ಹೇಳಿ. ಸೌಲಭ್ಯ ಚೆನ್ನಾಗಿಲ್ಲ ಅಂತಲ್ಲ, ನಮ್ಮಲ್ಲಿ ಅದಕ್ಕೆ ಕೆಲಸವೇ ಇಲ್ಲ ಅಂತ. ವ್ಯಾಪಾರಸ್ಥರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಅಗ್ರಿಮೆಂಟಿನ ಸಾಫ್ಟ್‌ವೇರ್ ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಗೋದಾಮಿನ ಬಾಡಿಗೆ ಕರಾರನ್ನು ನೋಂದಣಿ ತಪ್ಪಿಸಲು 11 ತಿಂಗಳಿಗೆ ಮಾಡಿರುತ್ತೀರಿ, ಎಲ್ಲರೂ ಮಾಡುವುದು ಹಾಗೇ. ಅಂದರೆ ಪ್ರತಿಯೊಂದೂ ವರ್ಷದೊಳಗೆ ಮುಗಿಯುತ್ತದೆ. ಮುಗಿದ ಮೇಲೂ ಬಾಡಿಗೆ ಹೋಗುತ್ತಲೇ ಇರುತ್ತದೆ, ಕಾಗದ ಇರುವುದಿಲ್ಲ. ಜಗಳ ಬಂದ ದಿನವೇ ಗೊತ್ತಾಗುವುದು. ಸಾಗಣೆ, ಹಮಾಲಿ ಗುತ್ತಿಗೆ, ಪ್ಯಾಕಿಂಗ್ ಸಾಮಾನು ಪೂರೈಕೆ, ಎಲ್ಲದರ ಪಾಡೂ ಇದೇ. ಸಣ್ಣ ಪೂರೈಕೆದಾರರಿಗೆ ಬರಹದ ಕರಾರು ಇದ್ದರೂ 45 ದಿನ ಮೀರಿ ಹಣ ಉಳಿಸಿಕೊಳ್ಳುವಂತಿಲ್ಲ ಅಂತ 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಮೀರಿದರೆ ಈಗ ಆದಾಯ ತೆರಿಗೆಯಲ್ಲೂ ಹಣ ನಿಜವಾಗಿ ಕೊಟ್ಟ ವರ್ಷ ಮಾತ್ರ ಖರ್ಚು ತೋರಿಸಲು ಬರುತ್ತದೆ. ಹಾಗಾಗಿ ಆ ತಾರೀಖು ನಿಮಗೂ ಬೇಕು, ಅಕೌಂಟ್ಸ್‌ನವರಿಗೂ ಬೇಕು.

ಆದರೆ 400 ಅಗ್ರಿಮೆಂಟನ್ನೂ ಒಂದೇ ಸಲ ತುಂಬಲು ಹೋಗಬೇಡಿ. ಅರ್ಧ ಸತ್ತಿರುತ್ತವೆ. ಜೀವ ಇರುವವನ್ನು ಆರಿಸಿ. ಪ್ರತಿಯೊಂದಕ್ಕೂ ಯಾರ ಜೊತೆ, ಎಷ್ಟು ಮೊತ್ತ, ಯಾವಾಗ ಮುಗಿಯುತ್ತದೆ, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಇಷ್ಟು ಮಾತ್ರ ತುಂಬಿ. ಉಳಿದದ್ದು ನಿಧಾನಕ್ಕೆ.

ಎಐ ಬಗ್ಗೆ ನೀವು ಕೇಳಿಲ್ಲ, ಆದರೆ ಡೆಮೋದಲ್ಲಿ ತೋರಿಸಿಯೇ ಇರುತ್ತಾರೆ. ಇಂಗ್ಲಿಷ್ ಅಗ್ರಿಮೆಂಟಿನಿಂದ ತಾರೀಖು, ಮೊತ್ತ ಹೆಕ್ಕುವ ಕೆಲಸಕ್ಕೆ ಉಪಯೋಗಿಸಿ, ಜೂನಿಯರ್ ಒಮ್ಮೆ ನೋಡಲಿ. ತೀರ್ಪುಗಳನ್ನು ಹುಡುಕಿಕೊಡು ಅಂತ ಕೇಳಿ ಬಂದದ್ದನ್ನು ಹಾಗೇ ಅರ್ಜಿಗೆ ಹಾಕಬೇಡಿ. 2024ರ ಕೊನೆಯಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದೊಳಗೇ, ಯಾವ ಕೋರ್ಟೂ ಕೊಟ್ಟಿರದ ತೀರ್ಪುಗಳು ನುಸುಳಿ, ಆ ಆದೇಶವನ್ನು ವಾಪಸ್ ಪಡೆಯಬೇಕಾಯಿತು.

ಇನ್ನು, ಸಾಫ್ಟ್‌ವೇರಿನ 'ಟಿಪ್ಪಣಿ' ಕಾಲಂ. 'ನಮ್ಮ ಕೇಸು ವೀಕು, ಸೆಟಲ್ ಮಾಡೋಣ' ಅಂತ ಅಲ್ಲಿ ಬರೆಯುವ ಅಭ್ಯಾಸ ಬಿಡಿಸಿ. ಕೋರ್ಟಿನಲ್ಲಿ ವಾದಿಸುವ ವಕೀಲರಿಗೆ ಇರುವ ಗೋಪ್ಯತೆಯ ರಕ್ಷಣೆ ಕಂಪನಿಯ ಸಂಬಳದ ಮೇಲಿರುವ ಕಾನೂನು ಅಧಿಕಾರಿಗೆ ಅದೇ ರೀತಿ ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಭಿಪ್ರಾಯವನ್ನು ಹೊರಗಿನ ವಕೀಲರಿಂದ ತರಿಸಿ, ಬೇರೆ ಫೋಲ್ಡರಿನಲ್ಲಿಡಿ. ಅದನ್ನು ಯಾರು ತೆರೆಯಬಹುದು ಅಂತ ಬೀಗ ಹಾಕುವ ಸೌಲಭ್ಯ ಇದೆಯಾ ಅಂತ ನೋಡಿ. ಗೋದಾಮಿನ ಮ್ಯಾನೇಜರ್‌ಗೆ ತನ್ನ ಗೋದಾಮಿನ ಕರಾರು ಕಂಡರೆ ಸಾಕು.

ವ್ಯಾಪಾರಿಗಳ ವಾಟ್ಸಾಪ್ ಮಾತುಕತೆಯನ್ನೂ ಇದರಲ್ಲೇ ಇಡುತ್ತೀರಲ್ಲ? 'ಮಾಲು ಬಂತು, ದುಡ್ಡು ಸೋಮವಾರ' ಅನ್ನುವ ಒಂದು ಸಾಲು ಸಾಲದ ಕೇಸಿನಲ್ಲಿ ಬಂಗಾರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಗೆ ಎರಡು ಭಾಗದ ಸರ್ಟಿಫಿಕೇಟ್ ಬೇಕು. ಒಂದು ಭಾಗ ಆ ಸಾಧನ ನೋಡಿಕೊಳ್ಳುವವರದ್ದು, ಇನ್ನೊಂದು ತಜ್ಞರದ್ದು. ಅದರಲ್ಲಿ ಫೈಲಿನ ಹ್ಯಾಶ್ ಬೆಲೆ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ಹಾಗಾಗಿ ನೀವು ಏರಿಸಿದ ಫೈಲನ್ನು ಸಾಫ್ಟ್‌ವೇರ್ ಕುಗ್ಗಿಸದೆ, ಇದ್ದ ಹಾಗೇ ಇಡುತ್ತದಾ ಅಂತ ಕೇಳಿ. ಜಾಗ ಉಳಿಸಲು ಫೋಟೋಗಳನ್ನು ಕುಗ್ಗಿಸುವವು ಇರುತ್ತವೆ.

ಬೆಲೆಯನ್ನು ತಿಂಗಳ ಲೆಕ್ಕದಲ್ಲಿ ಕೇಳಬೇಡಿ, ಮೂರು ವರ್ಷಕ್ಕೆ ಒಟ್ಟು ಎಷ್ಟು ಅಂತ ಕೇಳಿ. ಉದಾಹರಣೆಗೆ ಒಬ್ಬರಿಗೆ ತಿಂಗಳಿಗೆ 1,500 ರೂಪಾಯಿ ಅಂದರು ಅಂತಿಟ್ಟುಕೊಳ್ಳಿ. ನೀವು ಮೂವರು, ಗೋದಾಮಿನ ಮೂವರು, ಒಟ್ಟು ಆರು. 36 ತಿಂಗಳಿಗೆ 3,24,000. ಅಳವಡಿಕೆ, ಹಳೆ ಮಾಹಿತಿ ತುಂಬಿಸುವುದಕ್ಕೆ 1,50,000. ಶೇ 18 ಜಿಎಸ್‌ಟಿ ಸೇರಿದರೆ 5,59,320. 'ತಿಂಗಳಿಗೆ ಬರೀ 1,500' ಅಂದದ್ದು ಎಲ್ಲಿಗೆ ಬಂತು ನೋಡಿ. ಬರೀ ನೋಡುವವರಿಗೂ ಪೂರ್ತಿ ದುಡ್ಡಾ? ಎರಡನೇ ವರ್ಷ ಎಷ್ಟು ಏರಿಸಬಹುದು? ಬರಹದಲ್ಲಿ ಇರಲಿ.

ಬಿಟ್ಟು ಹೊರಡುವ ದಾರಿಯನ್ನು ಒಳಗೆ ಹೋಗುವ ಮೊದಲೇ ನೋಡಿಕೊಳ್ಳಿ. ನಾನು ಹೇಳಿದೆನಲ್ಲ, ಆ ಚುಕ್ಕಿಗಳ ಸಾಫ್ಟ್‌ವೇರ್, ಅದನ್ನು ಬಿಡುವಾಗ ನಮ್ಮ ದಾಖಲೆ ವಾಪಸ್ ಕೊಟ್ಟರು. ಸಾವಿರಾರು ಪಿಡಿಎಫ್, ಎಲ್ಲದಕ್ಕೂ ಬರೀ ನಂಬರಿನ ಹೆಸರು. ಯಾವುದು ಯಾವ ಕೇಸಿನದ್ದು ಅಂತ ಎಲ್ಲೂ ಇಲ್ಲ. ಇಬ್ಬರು ಜೂನಿಯರ್‌ಗಳು ಒಂದೊಂದೇ ತೆರೆದು ನೋಡಿ ಹೆಸರಿಡಲು ಆರು ವಾರ ತೆಗೆದುಕೊಂಡರು. ನೀವು ಪ್ರಯೋಗದ ಅವಧಿಯಲ್ಲೇ ಹತ್ತು ಕೇಸು ಹಾಕಿ, ಎಲ್ಲವನ್ನೂ ಹೊರಗೆ ತೆಗೆದುಕೊಡಿ ಅಂತ ಕೇಳಿ. ಎಕ್ಸೆಲ್ ಹಾಳೆ, ಅದಕ್ಕೆ ಹೊಂದುವ ಫೋಲ್ಡರ್ ಬಂದರೆ ಸರಿ.

ಮಾಹಿತಿ ಸೋರಿದರೆ ನಿಮಗೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತಾರೆ ಅನ್ನುವುದನ್ನೂ ಕರಾರಿನಲ್ಲಿ ಹಾಕಿಸಿ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಅವರು ಮೂರು ದಿನ ಬಿಟ್ಟು ನಿಮಗೆ ಹೇಳಿದರೆ ಏನು ಪ್ರಯೋಜನ?

ಕೊನೆಗೆ, ಯಾವುದು? ವಿದೇಶಿಯದ್ದು ಬೇಡ. ಉಳಿದ ಎರಡರಲ್ಲಿ, ತಾರೀಖಿನ ಸರಪಳಿ ಮಾಡಿ ತೋರಿಸಿದವರನ್ನು ಮುಂದಕ್ಕೆ ಕರೆಯಿರಿ. ಕೇಸಿನವರು ಅಗ್ರಿಮೆಂಟಿನ ಮುಗಿಯುವ ತಾರೀಖನ್ನೂ ಇಟ್ಟುಕೊಳ್ಳುತ್ತೇವೆ ಅಂದರೆ ಸದ್ಯಕ್ಕೆ ಅಷ್ಟೇ ಸಾಕು, ಎರಡೆರಡು ಬೇಡ. ಅಲ್ಲಿಯ ತನಕ ಇ-ಕೋರ್ಟ್ಸ್ ಆ್ಯಪ್, ಒಂದು ಎಕ್ಸೆಲ್ ಹಾಳೆ, ಗುಮಾಸ್ತರ ಡೈರಿ, ಮೂರನ್ನೂ ನಡೆಸಿ. ನಿಮ್ಮ ಅತಿ ತಲೆನೋವಿನ ಹತ್ತು ಫೈಲು ಆರಿಸಿಡಿ. ಡೆಮೋದವರು ಬಂದಾಗ ಅವರ ಮಾದರಿ ಕೇಸು ಮುಚ್ಚಿಸಿ, ಈ ಹತ್ತನ್ನು ಗುಮಾಸ್ತರ ಕೈಯಲ್ಲೇ ಹಾಕಿಸಿ. ಪಕ್ಕದಲ್ಲಿ ಸುಮ್ನೆ ಕೂತು ಗಡಿಯಾರ ನೋಡಿ. ಒಂದು ವಾಯಿದೆ ಸೇರಿಸಲು ಡೈರಿಯಲ್ಲಿ ಬರೆಯುವ ಎರಡರಷ್ಟು ಹೊತ್ತಿಗಿಂತ ಜಾಸ್ತಿ ಹಿಡಿದರೆ ಆ ಸಾಫ್ಟ್‌ವೇರ್ ಉಳಿಯುವುದಿಲ್ಲ.

ಸಾಧ್ಯವಾದರೆ ಪ್ರಯೋಗದ ಅವಧಿಯಲ್ಲಿ ಜೂನ್-ಜುಲೈ ಬರುವ ಹಾಗೆ ಕೇಳಿ. ಕರೆಂಟು ಹೋಗಿ, ಮೊಬೈಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗ ತೆರೆಯುತ್ತದಾ ಅಂತ ಬೆಂಗಳೂರಿನಲ್ಲಿ ಕೂತು ಹೇಳಲು ಅವರಿಗೆ ಆಗುವುದಿಲ್ಲ. ಏನೇ ಆದರೂ ಪ್ರತಿ ಶನಿವಾರ ಮುಂದಿನ ವಾರದ ವಾಯಿದೆಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ಮಾರ್ಚ್ 31ರ ಡಿಸ್ಕೌಂಟಿಗೆ ತಲೆ ಕೆಡಿಸಿಕೊಳ್ಳಬೇಡಿ. ವರ್ಷದ ಕೊನೆಯ ಟಾರ್ಗೆಟ್ ಅವರದ್ದು, ನಿಮ್ಮದಲ್ಲ. ಏಪ್ರಿಲ್ ಎರಡನೇ ವಾರ ಅವರೇ ಫೋನ್ ಮಾಡುತ್ತಾರೆ.